ಒಡೆಯಬಾರದ ಮುದ್ರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಟ್ಟು ಹೋದರು. ಮನುಷ್ಯನ ಸಹನೆಯನ್ನೂ ಹಣದ ಚೀಲವನ್ನೂ ಏಕಕಾಲದಲ್ಲಿ ಪರೀಕ್ಷಿಸುವ ಕಾರ್ಯಗಳು ಅವರ ಕಾಲದಲ್ಲಿ ಈ ಎರಡೇ ಇದ್ದುವೆಂದು ತೋರುತ್ತದೆ. ಈಗ ಮೂರನೆಯದೊಂದು ಸೇರಿಕೊಂಡಿದೆ. ಮಗನೋ ಮಗಳೋ ಕಾಲೇಜು ಸೇರಿ, ಮನೆಗೊಂದು ಕಂಪ್ಯೂಟರ್ ಬೇಕೆಂದು ಬಾಯಿಬಿಟ್ಟು ಹೇಳಿದ ದಿನವೇ ಆ ಮೂರನೆಯ ಪರೀಕ್ಷೆಗೆ ಮುಹೂರ್ತವಿಟ್ಟಂತೆ. ಗಣಕಯಂತ್ರವೆಂದು ಪಠ್ಯಪುಸ್ತಕಗಳು ಎಷ್ಟೇ ಕರೆಯಲಿ, ಮನೆಗಳಲ್ಲಿ ಅದು ಕಂಪ್ಯೂಟರೇ. ಹಾಗೆಯೇ ಕರೆಯುವುದು ಕ್ಷೇಮ.

ಅದನ್ನು ಪಡೆಯುವುದಕ್ಕೆ ಎರಡು ದಾರಿಗಳುಂಟು. ಎಲ್ಲವನ್ನೂ ಜೋಡಿಸಿ, ಮುಚ್ಚಳ ಹಾಕಿ, ಮುದ್ರೆಯೊತ್ತಿ ಕಳುಹಿಸಿದ ಪೆಟ್ಟಿಗೆಯನ್ನು ತಂದು ಗುಂಡಿಯೊತ್ತುವುದು ಒಂದು. ಒಳಗಿನ ಅಂಗಾಂಗಗಳನ್ನು ಬಿಡಿಬಿಡಿಯಾಗಿ ಆರಿಸಿ ಕೊಂಡು ತಾನೇ ಜೋಡಿಸುವುದು ಇನ್ನೊಂದು. ಪೇಟೆಯಲ್ಲಿ ತೂಗುಹಾಕಿದ ಅಂಗಿಗೂ ಅಳತೆ ಕೊಟ್ಟು ಹೊಲಿಸಿದ ಅಂಗಿಗೂ ಇರುವಷ್ಟೇ ಅಂತರವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಅಂಗಿಯ ಬಟ್ಟೆಯನ್ನು ಬೆರಳಿನಿಂದ ಹಿಸುಕಿ ನೋಡಬಹುದು. ಮುದ್ರೆಯೊತ್ತಿದ ಪೆಟ್ಟಿಗೆಯನ್ನು ಹಿಸುಕಿ ನೋಡುವುದೆಂತು?

ತುಮಕೂರಿನಲ್ಲಿ ಪ್ರೌಢಶಾಲೆಯೊಂದರ ಗಣಿತದ ಮೇಷ್ಟರೊಬ್ಬರಿಗೆ ಈ ಪ್ರಶ್ನೆ ತಡವಾಗಿ ಹೊಳೆಯಿತು. ಮೇಷ್ಟರು ಸಾಮಾನ್ಯ ಗಿರಾಕಿಯಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ತಕ್ಕಡಿಯ ಮುಳ್ಳನ್ನು ನೋಡುವವರು; ದಿನಸಿ ಅಂಗಡಿಯ ಚೀಟಿಯನ್ನು ಅಲ್ಲಿಯೇ ನಿಂತು ಬಾಯಲ್ಲಿ ಕೂಡಿ, ನಾಲ್ಕು ರೂಪಾಯಿ ಹೆಚ್ಚಿದ್ದರೆ ಅಷ್ಟನ್ನೂ ವಾಪಸು ಪಡೆಯುವವರು. ಅಂಥವರೂ ಮೋಸಹೋದರು ಎಂದರೆ, ಅದು ಅವರ ಬುದ್ಧಿಯ ಕೊರತೆಯಲ್ಲ, ವಸ್ತುವಿನ ಗುಣ.

ಅವರ ಒಬ್ಬಳೇ ಮಗಳಿಗೆ 2020ರಲ್ಲಿ ವಾಸ್ತುಶಿಲ್ಪದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಸೋಂಕಿನ ಕಾಲ. ಪಾಠವೆಲ್ಲ ಮನೆಯಲ್ಲಿಯೇ, ಫೋನಿನ ಅಂಗೈಯಗಲದ ಪರದೆಯ ಮೇಲೆ. ಮನೆಗಳ ನಕ್ಷೆಯನ್ನು ಅಂಗೈಯಗಲದಲ್ಲಿ ಎಷ್ಟು ದಿನ ಬರೆಯಲಾದೀತು? 2021ರ ಜೂನ್ ತಿಂಗಳಲ್ಲಿ, ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಮೇಷ್ಟರು ಫೋನಿನಲ್ಲಿಯೇ ಒಂದು ಜಾಹೀರಾತು ಕಂಡರು. ಐ5 ಪ್ರೊಸೆಸರ್, 16 ಜಿ.ಬಿ. ರ‍್ಯಾಮ್, 1 ಟಿ.ಬಿ. ಡಿಸ್ಕ್, ಜೊತೆಗೆ ಮಾನಿಟರ್, ಕೀಬೋರ್ಡ್, ಮೌಸ್. ಪೆಟ್ಟಿಗೆಯ ಮುಂಭಾಗದಲ್ಲಿ ಏಳು ಬಣ್ಣದ ದೀಪಗಳುಳ್ಳ ಫ್ಯಾನುಗಳು. ಎಲ್ಲ ಸೇರಿ 19,500 ರೂಪಾಯಿ. ಹೆಸರಾಂತ ಕಂಪೆನಿಯ ಪೆಟ್ಟಿಗೆಗೆ ಇದರ ಎರಡರಷ್ಟು ಬೆಲೆ. ಮೇಷ್ಟರು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ಹೋಲಿಸಿದರು. ಐದಕ್ಕೆ ಐದು ಸರಿ, ಹದಿನಾರಕ್ಕೆ ಎಂಟು ಕಡಮೆ. ಗಣಿತಶಾಸ್ತ್ರ ನಿಸ್ಸಂದೇಹವಾಗಿ ಅಗ್ಗದ ಪೆಟ್ಟಿಗೆಯ ಪಕ್ಷ ವಹಿಸಿತು. ಮನೆಯಾಕೆ ಮೂರು ವರ್ಷ ಕಟ್ಟಿದ ಚೀಟಿಯ ಹಣ ಆಗತಾನೆ ಕೈಗೆ ಬಂದಿದ್ದಿತು. ಅದು ಹಾಗೆಯೇ ಹೋಯಿತು.

ಪೆಟ್ಟಿಗೆ ಬಂದ ದಿನ ಮನೆಯಲ್ಲಿ ಪಾಯಸವಾಯಿತೆಂದರೆ ಉತ್ಪ್ರೇಕ್ಷೆಯಲ್ಲ. ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ, ಗುಂಡಿಯೊತ್ತಿದಾಗ ಕೆಂಪು ಹಸುರು ನೀಲಿ ದೀಪಗಳು ಮಾರಿಹಬ್ಬದ ತೇರಿನಂತೆ ತಿರುಗತೊಡಗಿದುವು. ನೆರೆಮನೆಯ ಮಕ್ಕಳು ಕಿಟಕಿಯಲ್ಲಿ ನಿಂತು ನೋಡಿದರು. ಪೆಟ್ಟಿಗೆಯ ಹಿಂಬದಿಯಲ್ಲಿ, ಎರಡು ತಗಡುಗಳು ಸೇರುವ ಸಂದಿಗೆ ಅಡ್ಡಲಾಗಿ ಬೆಳ್ಳಿಬಣ್ಣದ ಒಂದು ಸ್ಟಿಕ್ಕರ್ ಅಂಟಿಸಿದ್ದರು. ಈ ಮುದ್ರೆ ಒಡೆದರೆ ಗ್ಯಾರಂಟಿ ರದ್ದಾಗುವುದು ಎಂದು ಅದರ ಮೇಲೆ ಅಚ್ಚಾಗಿದ್ದಿತು. ಮೇಷ್ಟರು ಆ ಸ್ಟಿಕ್ಕರಿಗೆ ತೋರಿಸಿದ ಗೌರವವನ್ನು ಮನೆಯ ಪತ್ರಕ್ಕೂ ತೋರಿಸಿದವರಲ್ಲ. ಧೂಳು ಒರೆಸುವುದಕ್ಕೆಂದು ಮಗಳು ಒದ್ದೆ ಬಟ್ಟೆ ಹಿಡಿದು ಹೋದರೂ ಕೂಗುತ್ತಿದ್ದರು: “ಹಿಂದುಗಡೆ ಕೈ ಹಾಕಬೇಡವೆ, ಗ್ಯಾರಂಟಿ ಹೋಗುತ್ತೆ!”

ಮೂರು ತಿಂಗಳು ಕಳೆಯುವುದರೊಳಗೆ ಮಗಳ ಮುಖ ಸಣ್ಣದಾಯಿತು. ಗೆರೆಯ ನಕ್ಷೆಗಳು ಹೇಗೋ ನಡೆಯುತ್ತಿದ್ದುವು. ಮೂರು ಆಯಾಮದ ಮಾದರಿಯನ್ನು ಪರದೆಯ ಮೇಲೆ ತಿರುಗಿಸಹೊರಟರೆ ಯಂತ್ರ ಮೌನವ್ರತ ಹಿಡಿಯುತ್ತಿದ್ದಿತು. ಒಂದು ಮೆಟ್ಟಿಲನ್ನು ಅಲುಗಿಸಿ, ಅಡಿಗೆಮನೆಗೆ ಹೋಗಿ ಕಾಫಿ ಕುಡಿದು ಬಂದರೆ ಆಗ ಆ ಮೆಟ್ಟಿಲು ಅಲುಗಿರುತ್ತಿದ್ದಿತು. ತಾಳ್ಮೆಯಿರಬೇಕಮ್ಮ ಎಂದರು ಮೇಷ್ಟರು. ತಾಳ್ಮೆಯಿಂದ ನಲವತ್ತು ಮಕ್ಕಳಿಗೆ ಬೀಜಗಣಿತ ಕಲಿಸಿದವರು ಅವರು; ಯಂತ್ರಕ್ಕೂ ಅದೇ ಔಷಧವೆಂದು ನಂಬಿದ್ದರು.

ಅದೇ 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಹೊರಬಂದಿತು. ಮೇಷ್ಟರ ಮನೆಯ ಯಂತ್ರ ಅದನ್ನು ಹಾಕಿಕೊಳ್ಳಲು ಯೋಗ್ಯವಲ್ಲವೆಂಬ ಬರಹ ಪರದೆಯ ಮೇಲೆ ಮೂಡಿತು. ನಾಲ್ಕು ತಿಂಗಳ ಹಿಂದೆ ಕೊಂಡದ್ದು ಇಷ್ಟು ಬೇಗ ಅಯೋಗ್ಯವಾದೀತೆ? ಮೇಷ್ಟರ ಹೆಂಡತಿಯ ಅಕ್ಕನ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ. ಅವನಿಗೆ ಫೋನು ಹೋಯಿತು.

“ಐ5 ಅಂದ್ರಲ್ಲ ಚಿಕ್ಕಪ್ಪ, ಎಷ್ಟನೆಯ ಜನರೇಷನ್ನು?” ಎಂದು ಅವನು ಕೇಳಿದ.

“ಐ5 ಅಂದ್ರೆ ಐ5 ಕಣೋ. ಅದರಲ್ಲೂ ಜಾತಿ ಬೇರೆ ಉಂಟೇನು?”

“ಜಾತಿಯಲ್ಲ ಚಿಕ್ಕಪ್ಪ, ತಲೆಮಾರು.”

ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆತನಗಳಿವೆಯಷ್ಟೆ. ಇಂಟೆಲ್ ಕಂಪೆನಿಯದೂ ಅಂಥ ಮನೆತನ. ಐ5 ಎಂಬ ಹೆಸರನ್ನು ಅದು ಮೊದಲು ಇಟ್ಟದ್ದು 2009ರಲ್ಲಿ. ಎರಡನೆಯ ತಲೆಮಾರಿನ ಐ5 ಬಂದದ್ದು 2011ರ ಆರಂಭದಲ್ಲಿ. ಅಲ್ಲಿಂದ ಮುಂದಕ್ಕೆ ಹೆಚ್ಚುಕಡಮೆ ವರ್ಷಕ್ಕೊಂದು ತಲೆಮಾರು ಹುಟ್ಟುತ್ತ ಬಂದರೂ ಹೆಸರು ಮಾತ್ರ ಅದೇ. ವಿಂಡೋಸ್ 11 ಕೇಳಿದ್ದು ಸುಮಾರಾಗಿ ಎಂಟನೆಯ ತಲೆಮಾರು ಅಥವಾ ಅದರ ಈಚಿನದು. ಇಂಥವರ ಮನೆಯ ವರನೆಂದು ಹೆಸರು ಹೇಳಿ ನಿಶ್ಚಯ ಮಾಡಿಕೊಂಡು, ಮದುವೆಯ ದಿನ ಹಸೆಮಣೆಗೆ ಅಜ್ಜನನ್ನು ಕರೆತಂದು ಕೂರಿಸಿದರೆ ಹೇಗಾದೀತೋ ಹಾಗಾಯಿತು ಮೇಷ್ಟರ ಸ್ಥಿತಿ. ಅವರ ಪೆಟ್ಟಿಗೆಯಲ್ಲಿದ್ದುದು ಎರಡನೆಯ ತಲೆಮಾರು. ಜಾಹೀರಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹತ್ತು ವರ್ಷಗಳನ್ನು ಹೇಳದೆ ಬಿಟ್ಟಿದ್ದರು, ಅಷ್ಟೆ.

ಆದರೂ ಯಂತ್ರ ನಡೆಯುತ್ತಲೇ ಇದ್ದಿತು. ಮಧ್ಯಮವರ್ಗದ ಮನೆಗಳಲ್ಲಿ ನಡೆಯುತ್ತಿರುವ ವಸ್ತುವನ್ನು ಯಾರೂ ಬಿಡಿಸಿ ನೋಡುವುದಿಲ್ಲ.

2022ರ ಏಪ್ರಿಲ್. ಬೇಸಗೆಯ ಮೊದಲ ಗುಡುಗುಮಳೆಯ ಸಂಜೆ. ಹುಡುಗಿ ವರ್ಷದ ಕೊನೆಯ ಸಬ್‌ಮಿಷನ್ನಿಗೆ ಒಂದು ಗ್ರಂಥಾಲಯದ ನಕ್ಷೆಗಳನ್ನು ಸಿದ್ಧಪಡಿಸುತ್ತಿದ್ದಳು. ಒಪ್ಪಿಸುವುದಕ್ಕೆ ಹನ್ನೊಂದು ದಿನ ಉಳಿದಿದ್ದುವು. ಕರೆಂಟು ಹೋಯಿತು, ಬಂದಿತು, ಮತ್ತೆ ಹೋಯಿತು. ಮೂರನೆಯ ಸಲ ಬಂದಾಗ ಪೆಟ್ಟಿಗೆಯೊಳಗೆ ದೀಪಾವಳಿಯ ಪಟಾಕಿಯಂತೆ ಒಂದು ಸದ್ದಾಯಿತು. ಹಿಂಬದಿಯ ಜಾಲರಿಯಿಂದ ತೆಳ್ಳನೆಯ ಹೊಗೆ ಎದ್ದಿತು. ಸುಟ್ಟ ವಾಸನೆ ದೇವರಮನೆಯವರೆಗೂ ಹರಡಿತು. ಏಳು ಬಣ್ಣದ ದೀಪಗಳು ಆರಿದುವು.

ಮೇಷ್ಟರು ಗ್ಯಾರಂಟಿ ಕಾಗದವನ್ನು ಹೊರತೆಗೆದರು. ಮಾರಿದವರ ಫೋನು ಎರಡು ದಿನ ಯಾರ ಕೈಗೂ ಸಿಕ್ಕಲಿಲ್ಲ. ಮೂರನೆಯ ದಿನ ಮಾತನಾಡಿದ ಹುಡುಗ ಬಹಳ ವಿನಯವಂತ. ವಿದ್ಯುತ್ತಿನ ಏರಿಳಿತದಿಂದ ಆದ ಹಾನಿ ಗ್ಯಾರಂಟಿಯಲ್ಲಿ ಸೇರುವುದಿಲ್ಲವೆಂದು ವಿನಯದಿಂದಲೇ ತಿಳಿಸಿದ. ಬೇಕಾದರೆ ಪೆಟ್ಟಿಗೆಯನ್ನು ಸ್ವಂತ ಖರ್ಚಿನಲ್ಲಿ ಕಳುಹಿಸಬಹುದು, ಮೂರು ವಾರದಲ್ಲಿ ನೋಡಿ ಹೇಳುತ್ತೇವೆ ಎಂದ. ಮೇಷ್ಟರು ಫೋನನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತರು. ತಕ್ಕಡಿಯ ಮುಳ್ಳು ನೋಡುವ ಮನುಷ್ಯ ಮನೆಯವರ ಮುಂದೆ ತಲೆಯೆತ್ತಲಾರದೆ ಕುಳಿತ ದೃಶ್ಯ ನೋಡುವುದಕ್ಕೆ ಕಷ್ಟವಾದದ್ದು. ಬಹುಶಃ ಅದಕ್ಕಾಗಿಯೇ ಮಗಳು ಅಡಿಗೆಮನೆಯಿಂದ ಚಾಕು ತಂದು, ಅಪ್ಪನ ಕಡೆ ನೋಡದೆ, ಬೆಳ್ಳಿಬಣ್ಣದ ಆ ಸ್ಟಿಕ್ಕರನ್ನು ಉದ್ದಕ್ಕೆ ಸೀಳಿದಳು. ಮೇಷ್ಟರು ಕೂಗಲಿಲ್ಲ.

ಭಾನುವಾರ ಅಕ್ಕನ ಮಗ ಬಂದ. ಇಬ್ಬರೂ ಪೆಟ್ಟಿಗೆಯನ್ನು ಮಲಗಿಸಿ ಅಂಗಗಳನ್ನು ಒಂದೊಂದಾಗಿ ಹೊರತೆಗೆದರು. ಹುಡುಗ ಮೂಲೆಯಲ್ಲಿದ್ದ ಒಂದು ತಗಡಿನ ಡಬ್ಬವನ್ನು ಬಿಚ್ಚಿ ಚಿಕ್ಕಪ್ಪನ ಅಂಗೈಯಲ್ಲಿಟ್ಟ. “ತೂಕ ನೋಡಿ.” ಕಡಲೆಪುರಿಯ ಪೊಟ್ಟಣದಷ್ಟು ಹಗುರ. ಮೇಲಿನ ಚೀಟಿಯಲ್ಲಿ 500 ವ್ಯಾಟ್ ಎಂದು ದಪ್ಪಕ್ಷರ. ಅಂಗಡಿಯವರೆಲ್ಲ ಎಸ್.ಎಂ.ಪಿ.ಎಸ್. ಎನ್ನುವುದು ಈ ಡಬ್ಬವನ್ನೇ. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ, ಒಂದೇ ದಿಕ್ಕಿಗೆ ಹರಿಯುವಂತೆ ಪಳಗಿಸಿ, ಉಳಿದೆಲ್ಲ ಅಂಗಗಳಿಗೆ ಹಂಚುವ ಕೆಲಸ ಅದರದು. ವೋಲ್ಟೇಜು ಮಿತಿಮೀರಿದರೆ ತಾನು ತೆಪ್ಪಗೆ ಆರಿ ಉಳಿದವರನ್ನು ಉಳಿಸುವುದು ಒಳ್ಳೆಯ ಎಸ್.ಎಂ.ಪಿ.ಎಸ್.ನ ಧರ್ಮ. ಮೇಷ್ಟರ ಕೈಯಲ್ಲಿದ್ದುದರ ಹೊಟ್ಟೆಯಲ್ಲಿ ಸೋಸುವ ಸುರುಳಿಗಳು ಇರಬೇಕಾದ ಕಡೆ ಖಾಲಿ ಜಾಗ. ಆ ಜಾಗವನ್ನು ದಾಟಿಸಲು ಒಂದು ತುಂಡು ತಂತಿಯ ಬೆಸುಗೆ. ಅದು ಸಾಯುವಾಗ ಮದರ್‌ಬೋರ್ಡನ್ನೂ ಸಹಗಮನ ಮಾಡಿಸಿಕೊಂಡು ಹೋಗಿದ್ದಿತು. ಡಿಸ್ಕು ಮಾತ್ರ ಹೇಗೋ ಬದುಕಿತ್ತು. ಅದರಲ್ಲಿ ಗ್ರಂಥಾಲಯ ಇದ್ದಿತು. ಹುಡುಗಿ ಅತ್ತದ್ದು ಅದು ಸತ್ತಿದೆಯೆಂದು ಹೆದರಿದಾಗ ಅಲ್ಲ, ಬದುಕಿದೆಯೆಂದು ತಿಳಿದಾಗ.

ಅಗ್ಗದ ಪೆಟ್ಟಿಗೆಯ ರಹಸ್ಯ ಇಷ್ಟೇ. ಕೊಳ್ಳುವವನು ಕೇಳುವುದು ಮೂರೇ ಪ್ರಶ್ನೆ: ಐ ಎಷ್ಟು, ಜಿ.ಬಿ. ಎಷ್ಟು, ಟಿ.ಬಿ. ಎಷ್ಟು. ಮಾರುವವನು ಈ ಮೂರಕ್ಕೆ ದೊಡ್ಡ ದೊಡ್ಡ ಅಂಕಿಗಳನ್ನು ಒದಗಿಸಿ, ಅದಕ್ಕಾದ ವೆಚ್ಚವನ್ನು ಕೇಳದೆ ಬಿಟ್ಟ ಕಡೆಗಳಿಂದ ಹಿಂದಕ್ಕೆ ಪಡೆಯುತ್ತಾನೆ. ಎಸ್.ಎಂ.ಪಿ.ಎಸ್. ಯಾರು ಕೇಳುತ್ತಾರೆ? ಮದರ್‌ಬೋರ್ಡಿನ ವಯಸ್ಸು? ಆ 16 ಜಿ.ಬಿ. ಯಾವ ಕಾಲದ ನಮೂನೆಯದು? ಬಣ್ಣದ ದೀಪವಾದರೋ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದಕ್ಕೆ ಹಣ ಹಾಕುತ್ತಾರೆ. ಮಾರುವವನನ್ನು ಬೈಯುವುದು ಸುಲಭ. ಆದರೆ ನಾಲ್ಕನೆಯ ಪ್ರಶ್ನೆ ಕೇಳದ ಗಿರಾಕಿಯೇ ಆ ಪೆಟ್ಟಿಗೆಯ ಅರ್ಧ ಶಿಲ್ಪಿ.

ಮುಂದೇನು ಎಂಬ ಮಾತು ಬಂದಾಗ ಮನೆಯಲ್ಲಿ ಹಣವಿರಲಿಲ್ಲ. ಮೇಷ್ಟರು ಸ್ನೇಹಿತರಲ್ಲಿ ಕೇಳುವ ಯೋಚನೆಯಲ್ಲಿದ್ದರು. ಮನೆಯಾಕೆ ಒಳಗೆ ಹೋಗಿ ಎರಡು ಬಳೆಗಳನ್ನು ತಂದು ಕರವಸ್ತ್ರದಲ್ಲಿ ಕಟ್ಟಿದರು. “ಬಳೆ ಎಲ್ಲೂ ಓಡಿಹೋಗಲ್ಲ ರೀ, ಸೊಸೈಟಿಯಲ್ಲಿ ಇರುತ್ತೆ. ಅವಳ ವರ್ಷ ಹೋದರೆ ಮತ್ತೆ ಬರಲ್ಲ.” ಅದರ ಮೇಲೆ ಯಾರೂ ಮಾತನಾಡಲಿಲ್ಲ.

ಈ ಸಲ ಬಿಡಿಭಾಗ ಕೊಂಡು ಜೋಡಿಸೋಣವೆಂದು ಹುಡುಗಿ ಹೇಳಿದಳು. ಮೇಷ್ಟರು ಅಕ್ಕನ ಮಗನನ್ನು ಕೇಳಿದರು: “ಅದರಿಂದ ಉಳಿತಾಯ ಎಷ್ಟಾಗುತ್ತೋ?” ಅವನ ಉತ್ತರ ಅವರನ್ನು ಬೆರಗುಗೊಳಿಸಿತು.

“ಹೆಚ್ಚೇನಿಲ್ಲ ಚಿಕ್ಕಪ್ಪ. ದೊಡ್ಡ ಕಂಪೆನಿಯವರು ಸಾವಿರಗಟ್ಟಲೆ ಒಟ್ಟಿಗೆ ಕೊಳ್ತಾರೆ, ನಾವು ಒಂದೊಂದು ಕೊಳ್ತೀವಿ. ಕೆಲವು ಸಲ ಅವರದೇ ಅಗ್ಗ. ಹಾಸನದಲ್ಲಿ ಅಮ್ಮನಿಗೆ ನಾನು ರೆಡಿಮೇಡೇ ತೆಗೆಸಿಕೊಟ್ಟೆ. ಕೆಟ್ಟರೆ ಅವರೇ ಮನೆಗೆ ಬಂದು ನೋಡ್ತಾರೆ, ವಿಂಡೋಸ್ ಲೈಸೆನ್ಸೂ ಅದರಲ್ಲೇ ಸೇರಿರುತ್ತೆ. ಅಮ್ಮ ಸ್ಕ್ರೂಡ್ರೈವರ್ ಹಿಡೀತಾರೆಯೆ?”

“ಮತ್ತೆ ಇವಳಿಗೆ ಯಾಕೆ ಜೋಡಿಸೋದು?”

“ಒಳಗೆ ಏನಿದೆ ಅಂತ ಇವಳಿಗೆ ಗೊತ್ತಿರುತ್ತೆ. ನಾಳೆ ಇನ್ನೊಂದು ರ‍್ಯಾಮು ಬೇಕಾದರೆ, ಆಚೆ ವರ್ಷ ಗ್ರಾಫಿಕ್ಸ್ ಕಾರ್ಡು ಬೇಕಾದರೆ, ಪೂರ್ತಿ ಪೆಟ್ಟಿಗೆ ಎಸೆಯಬೇಕಾಗಿಲ್ಲ. ಆದರೆ ಕೆಟ್ಟರೆ ದೂರು ಹೇಳೋಕೆ ಯಾರೂ ಇರಲ್ಲ. ಆಯಾ ಭಾಗಕ್ಕೆ ಆಯಾ ಕಂಪೆನಿ. ತಪ್ಪು ಯಾರದು ಅಂತ ನಾವೇ ಕಂಡುಹಿಡೀಬೇಕು.”

ಹುಡುಗನ ಮಾತಿನಲ್ಲಿ ನ್ಯಾಯವಿತ್ತು. ಸ್ವತಃ ಜೋಡಿಸುವುದೇ ಸದಾ ಲಾಭವೆಂದು ಹೇಳುವವರು ಬೆಲೆಯ ಏರಿಳಿತಗಳನ್ನು ಮರೆತವರು. 2020–21ರಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಗೆ ಕ್ಷಾಮ ಬಂದಾಗ, ಆ ಒಂದು ಕಾರ್ಡಿಗಾಗಿಯೇ ಪೂರ್ತಿ ಸಿದ್ಧ ಯಂತ್ರವನ್ನು ಕೊಂಡವರು ಹಲವು ದೇಶಗಳಲ್ಲಿದ್ದರು.

ವಾಸ್ತವವಾಗಿ ಈ ವ್ಯಾಜ್ಯ ಸಣ್ಣ ಕಂಪ್ಯೂಟರಿನ ಜೊತೆಯಲ್ಲಿಯೇ ಹುಟ್ಟಿದ್ದು. 1975ರ ಜನವರಿಯಲ್ಲಿ ಅಮೆರಿಕದ ಒಂದು ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಕಾಣಿಸಿಕೊಂಡಾಗ, ಬಹುಮಂದಿ ಅದನ್ನು ತರಿಸಿದ್ದು ಬಿಡಿಭಾಗಗಳ ಗಂಟಾಗಿಯೇ. ಬೆಸುಗೆ ಹಾಕಿ ಮುಗಿಸಿದ ಮೇಲೆ ಸಿಕ್ಕುತ್ತಿದ್ದುದು ಪರದೆಯಿಲ್ಲದ, ಕೀಲಿಮಣೆಯಿಲ್ಲದ, ಸ್ವಿಚ್ಚುಗಳೂ ದೀಪಗಳೂ ಮಾತ್ರವುಳ್ಳ ಪೆಟ್ಟಿಗೆ. ಮರುವರ್ಷ ಕ್ಯಾಲಿಫೋರ್ನಿಯದಲ್ಲಿ ಇಬ್ಬರು ತರುಣರು ತಮ್ಮ ಮೊದಲ ಯಂತ್ರವನ್ನು ಮಾರಲು ಬೈಟ್ ಶಾಪ್ ಎಂಬ ಅಂಗಡಿಗೆ ಹೋದರು. ಬಿಡಿಭಾಗಗಳ ಗಂಟು ತನಗೆ ಬೇಡ, ಜೋಡಿಸಿದ ಬೋರ್ಡುಗಳಾದರೆ 50 ಕೊಳ್ಳುತ್ತೇನೆ ಎಂದು ಅಂಗಡಿಯ ಒಡೆಯ ಪಾಲ್ ಟೆರೆಲ್ ಪಟ್ಟುಹಿಡಿದ. ಆ ತರುಣರು ಸ್ಟೀವ್ ಜಾಬ್ಸ್ ಮತ್ತು ಸ್ಟೀವ್ ವೋಜ್ನಿಯಾಕ್. ಆ ಯಂತ್ರ ಆಪಲ್ 1. ಜನಕ್ಕೆ ಸಿದ್ಧವಾದದ್ದೇ ಬೇಕು ಎಂಬುದನ್ನು ಅಂಗಡಿಯವನು ಅಂದೇ ಬಲ್ಲವನಾಗಿದ್ದ.

ಇನ್ನೊಂದು ಕಡೆಯಿಂದ, 1981ರ ಆಗಸ್ಟಿನಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯನ್ನು ಕಟ್ಟಿದವರು ಬಹುಪಾಲು ಭಾಗಗಳನ್ನು ಪೇಟೆಯಲ್ಲಿ ದೊರೆಯುವ ಪರರ ಸಾಮಗ್ರಿಯಿಂದಲೇ ಆರಿಸಿದ್ದರು. ಆದ್ದರಿಂದಲೇ ಅದರ ಪ್ರತಿರೂಪಗಳನ್ನು ಇತರರೂ ಕಟ್ಟಬಲ್ಲವರಾದರು. 1995ರಲ್ಲಿ ಇಂಟೆಲ್ ಎ.ಟಿ.ಎಕ್ಸ್. ಎಂಬ ಅಳತೆಗಳನ್ನು ಗೊತ್ತುಪಡಿಸಿದ ಮೇಲೆ, ಯಾವ ಊರಿನ ಬೋರ್ಡಿಗೂ ಯಾವ ಊರಿನ ಕ್ಯಾಬಿನೆಟ್ಟಿನ ತಿರುಪಿನ ರಂಧ್ರವೂ ಹೊಂದುವಂತಾಯಿತು. ನಮ್ಮ ದೇಶದಲ್ಲಿ 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದನ್ನು ಸಡಿಲಿಸಿತು. ಬಿಡಿಭಾಗಗಳ ಬೀದಿಗಳು ಬೆಳೆದುವು: ದೆಹಲಿಗೆ ನೆಹರೂ ಪ್ಲೇಸ್, ಮುಂಬಯಿಗೆ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಗೆ ರಿಚಿ ಸ್ಟ್ರೀಟ್, ಬೆಂಗಳೂರಿಗೆ ಸಾದರ ಪತ್ರಪ್ಪ ರಸ್ತೆ. ಈ ಕೊನೆಯದನ್ನು ಪೂರ್ಣ ಹೆಸರಿನಿಂದ ಕರೆಯುವವರು ಇಂದು ವಿರಳ. ಎಸ್.ಪಿ. ರೋಡ್ ಎಂದರೆ ಆಟೋದವರಿಗೂ ಸಾಕು.

ಮೇಷ್ಟರೂ ಮಗಳೂ ಬೆಳಗಿನ ರೈಲಿನಲ್ಲಿ ಹೊರಟು, ಮೆಜೆಸ್ಟಿಕ್ಕಿನಲ್ಲಿ ಹುಡುಗನನ್ನು ಕೂಡಿಕೊಂಡು ಆ ಬೀದಿಗೆ ಹೋದರು. ಮಳಿಗೆಗೆ ಮಳಿಗೆ ಅಂಟಿಕೊಂಡ ಓಣಿ. ತಳ್ಳುಗಾಡಿ, ರಟ್ಟಿನ ಪೆಟ್ಟಿಗೆ ಹೊತ್ತ ಕೂಲಿಗಳು, ತಲೆಯ ಮೇಲೆ ಹೆಣೆದುಕೊಂಡ ತಂತಿಗಳು, ಐದು ಭಾಷೆಗಳಲ್ಲಿ ಚೌಕಾಸಿ. ಮೇಷ್ಟರಿಗೆ ಜೀವ ಬಂದಿತು. ಇದು ಸಂತೆ, ಸಂತೆಯ ವಿದ್ಯೆ ಅವರಿಗೆ ಗೊತ್ತು.

ಮೊದಲನೆಯ ಅಂಗಡಿಯವನು ಪಟ್ಟಿ ನೋಡಿ, “ಬಿಲ್ ಬೇಕಾ ಸಾರ್, ಬೇಡವಾ?” ಎಂದ. ಬಿಲ್ಲಿಲ್ಲದಿದ್ದರೆ ಕಡಮೆ ಮಾಡುತ್ತಾನಂತೆ. ಬಿಲ್ಲಿಲ್ಲದ ಭಾಗ ಕೆಟ್ಟರೆ ಯಾವ ಕಂಪೆನಿಯ ಬಾಗಿಲು ತಟ್ಟುವುದೆಂದು ಮೇಷ್ಟರು ಕೇಳಿದರು. ಅವನು ನಕ್ಕ; ಇವರು ಮುಂದಿನ ಅಂಗಡಿಗೆ ನಡೆದರು. ಎರಡನೆಯವನು ಎಲ್ಲವನ್ನೂ ಬರೆದುಕೊಂಡು ಕೊನೆಗೆ, “ಎಸ್.ಎಂ.ಪಿ.ಎಸ್. ಲೋಕಲ್ ಹಾಕಿಬಿಡ್ತೀನಿ ಸಾರ್, 600 ರೂಪಾಯಿ, ಎಲ್ಲರೂ ಅದನ್ನೇ ಹಾಕಿಸ್ಕೊಳ್ಳೋದು” ಎಂದ. ಮೂವತ್ತು ವರ್ಷ ತರಗತಿಯ ಹಿಂದಿನ ಬೆಂಚನ್ನು ಮೌನಗೊಳಿಸಿದ ದನಿಯಲ್ಲಿ ಮೇಷ್ಟರು “ಬೇಡ!” ಎಂದದ್ದಕ್ಕೆ ಪಕ್ಕದ ಅಂಗಡಿಯವನೂ ತಿರುಗಿ ನೋಡಿದ. ಅನಂತರ ನಾಲ್ಕು ಬಗೆಯ ಎಸ್.ಎಂ.ಪಿ.ಎಸ್.ಗಳನ್ನು ತರಿಸಿ, ಕುಂಬಳಕಾಯಿ ಆರಿಸುವಂತೆ ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದರು. ತೂಕವೊಂದೇ ಸಾಕ್ಷಿಯಲ್ಲ ಚಿಕ್ಕಪ್ಪ ಎಂದು ಹುಡುಗ ಮೆಲ್ಲನೆ ಹೇಳಿದ. ಪೆಟ್ಟಿಗೆಯ ಮೇಲಿದ್ದ 80 ಪ್ಲಸ್ ಎಂಬ ಗುರುತನ್ನೂ ತೋರಿಸಿ, ಅದು ವಿದ್ಯುತ್ತನ್ನು ಎಷ್ಟು ಕಡಮೆ ಪೋಲುಮಾಡುತ್ತದೆ ಎಂಬುದರ ಅರ್ಹತಾಪತ್ರವೇ ಹೊರತು ಕೆಡುವುದಿಲ್ಲವೆಂಬ ಆಣೆಯಲ್ಲ ಎಂದು ತಿಳಿಸಿದ. ಮೇಷ್ಟರು ಎರಡನ್ನೂ ಒಪ್ಪಿದರು. ಆದರೆ ಕೊಂಡದ್ದು ಭಾರವಾದದ್ದನ್ನೇ.

ರೈಜನ್ 5 5600ಜಿ ಎಂಬ ಪ್ರೊಸೆಸರಿಗೆ 16,500. ಚಿತ್ರ ಮೂಡಿಸುವ ಶಕ್ತಿಯೂ ಅದರೊಳಗೇ ಇದ್ದುದರಿಂದ ಬೇರೆ ಗ್ರಾಫಿಕ್ಸ್ ಕಾರ್ಡಿನ ಮಾತು ಸದ್ಯಕ್ಕೆ ಬರಲಿಲ್ಲ. ಮದರ್‌ಬೋರ್ಡಿಗೆ 6,800. ಎಂಟೆಂಟರ ಎರಡು ರ‍್ಯಾಮಿಗೆ 5,200. ಇಂಥ ಪ್ರೊಸೆಸರು ಚಿತ್ರ ಬಿಡಿಸುವುದಕ್ಕೂ ರ‍್ಯಾಮನ್ನೇ ನೆಚ್ಚಿಕೊಂಡಿರುವುದರಿಂದ, ಹದಿನಾರರ ಒಂದಕ್ಕಿಂತ ಎಂಟರ ಎರಡು ಲೇಸು. ಎರಡು ಬಾವಿಯಿಂದ ಒಟ್ಟಿಗೆ ನೀರು ಸೇದಿದ ಹಾಗೆ. 500 ಜಿ.ಬಿ.ಯ ಎಸ್.ಎಸ್.ಡಿ.ಗೆ 4,200. ಎಸ್.ಎಂ.ಪಿ.ಎಸ್. 3,900. ದೀಪಗಳಿಲ್ಲದ ಕಪ್ಪು ಕ್ಯಾಬಿನೆಟ್ಟಿಗೆ 2,400. ಒಟ್ಟು 39,000 ಎಂದು ಅಂಗಡಿಯವನ ಕ್ಯಾಲ್ಕ್ಯುಲೇಟರಿಗಿಂತ ಮೊದಲು ಮೇಷ್ಟರು ಹೇಳಿದರು. ವಿಂಡೋಸ್ ಲೈಸೆನ್ಸಿನ ಬಾಬ್ತು ಆ ಕೂಡಿಕೆಯಲ್ಲಿ ಬಿಟ್ಟುಹೋಗಿದ್ದಿತು. ಅದನ್ನು ಹುಡುಗ ತನ್ನ ಸಂಬಳದಿಂದ ತೆತ್ತು, ತಂಗಿಗೆ ಹುಟ್ಟುಹಬ್ಬದ ಉಡುಗೊರೆ ಎಂದ. ಅವಳ ಹುಟ್ಟುಹಬ್ಬ ಡಿಸೆಂಬರಿನಲ್ಲಿ.

ಅಂಗಡಿಯಲ್ಲಿಯೇ ಜೋಡಿಸಿಕೊಡುತ್ತೇವೆಂದರೂ ಹುಡುಗಿ ಒಪ್ಪಲಿಲ್ಲ. ಮರುದಿನ ಕೆಲಸವಿದ್ದುದರಿಂದ ಅಣ್ಣ ಬೆಂಗಳೂರಿನಲ್ಲಿಯೇ ಉಳಿದ. ರಾತ್ರಿ ಎಂಟರ ಹೊತ್ತಿಗೆ ತುಮಕೂರಿನ ಮನೆಯ ನಡುಮನೆಯಲ್ಲಿ ಹಳೆಯ ಪತ್ರಿಕೆಗಳನ್ನು ಹಾಸಿ ತಂದೆ ಮಗಳು ಕುಳಿತರು. ನೈಲಾನ್ ಸೀರೆಯುಟ್ಟು ಹತ್ತಿರ ಬರಬೇಡಿ, ಮೈಯಿಂದ ಸಣ್ಣ ಕಿಡಿ ಹಾರಿದರೂ ಚಿಪ್ಪು ಸಾಯುತ್ತದೆ ಎಂದು ಮನೆಯಾಕೆಗೆ ಕಟ್ಟಪ್ಪಣೆಯಾಯಿತು. ಮುಟ್ಟುಮೈಲಿಗೆಯನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದ ಆ ಮನೆಗೆ ಹೊಸದೊಂದು ಮಡಿ ಬಂದಿತು.

ಹುಡುಗಿ ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಕೈ ಶುದ್ಧಿ ಮಾಡಿಕೊಂಡು, ಬೋರ್ಡಿನ ಸನ್ನೆಯನ್ನೆತ್ತಿ, ಪ್ರೊಸೆಸರಿನ ಮೂಲೆಯ ಚಿನ್ನದ ತ್ರಿಕೋನವನ್ನು ಬೋರ್ಡಿನ ತ್ರಿಕೋನಕ್ಕೆ ಸರಿಹೊಂದಿಸಿ ಇಳಿಬಿಟ್ಟಳು. ಒತ್ತಬಾರದು, ಸರಿಯಾಗಿದ್ದರೆ ತಾನೇ ಕೂರುತ್ತದೆ. ಕೂತಿತು. ಅದರ ಮೇಲೆ ಫ್ಯಾನು. ಆಮೇಲೆ ರ‍್ಯಾಮು, ಎಸ್.ಎಸ್.ಡಿ., ಇಪ್ಪತ್ತನಾಲ್ಕು ಮುಳ್ಳಿನ ದಪ್ಪ ತಂತಿ, ಎಂಟು ಮುಳ್ಳಿನ ಇನ್ನೊಂದು. ಮೇಷ್ಟರು ತಿರುಪುಗಳನ್ನು ಬಟ್ಟಲಿನಲ್ಲಿ ಎಣಿಸಿಟ್ಟುಕೊಂಡು ಕೇಳಿದಾಗ ಒಂದೊಂದೇ ಕೊಟ್ಟರು. ಹನ್ನೊಂದು ಗಂಟೆಗೆ ಎಲ್ಲವೂ ಮುಗಿದು, ಗುಂಡಿಯೊತ್ತಿದ್ದಾಯಿತು.

ಫ್ಯಾನುಗಳು ತಿರುಗಿದುವು. ಪರದೆ ಕಪ್ಪಾಗಿಯೇ ಉಳಿಯಿತು.

ಆರಿಸಿದರು, ಮತ್ತೆ ಒತ್ತಿದರು. ಕಪ್ಪು. ಅಣ್ಣನಿಗೆ ಫೋನು ಮಾಡಿದರೆ ಉತ್ತರವಿಲ್ಲ. ದಿನವೆಲ್ಲ ಅಲೆದು ಮಲಗಿದ್ದನೆಂದು ತೋರುತ್ತದೆ. ಹುಡುಗಿಯ ಕೈ ನಡುಗತೊಡಗಿತು. 39,000 ರೂಪಾಯಿ, ಎರಡು ಬಳೆ, ಉಳಿದಿದ್ದುದು ಆರು ದಿನ. ಯಾರಿಗೆ ದೂರುವುದು? ಬೋರ್ಡಿನ ಕಂಪೆನಿ ಬೇರೆ, ರ‍್ಯಾಮಿನದು ಬೇರೆ, ಜೋಡಿಸಿದ ಕೈ ತನ್ನದೇ. ಸಿದ್ಧ ಪೆಟ್ಟಿಗೆಯಲ್ಲಿ ಬೈಯುವುದಕ್ಕಾದರೂ ಒಬ್ಬನಿರುತ್ತಾನೆ, ಅವನು ಫೋನು ಎತ್ತದಿದ್ದರೂ. ಆ ನೆಮ್ಮದಿಗೂ ಒಂದು ಬೆಲೆಯಿದೆಯೆಂಬುದು ನಡುರಾತ್ರಿಯಲ್ಲಿ ಕಪ್ಪು ಪರದೆಯ ಮುಂದೆ ಕುಳಿತವರಿಗೇ ಗೊತ್ತು.

ಆಗ ಮೇಷ್ಟರು ಕನ್ನಡಕ ಒರೆಸಿಕೊಂಡರು. “ಅವ್ಯಕ್ತಗಳು ಎಷ್ಟಿವೆ ಹೇಳು” ಎಂದರು.

ಹುಡುಗಿಗೆ ಅರ್ಥವಾಗಲಿಲ್ಲ.

“ಒಂದು ಸಮೀಕರಣದಲ್ಲಿ ಆರು ಅವ್ಯಕ್ತ ಇಟ್ಟುಕೊಂಡು ಬಿಡಿಸೋಕಾಗುತ್ತೇನಮ್ಮ? ಒಂದೊಂದೇ ತೆಗೆ. ಅದಿಲ್ಲದೆ ನಡೆಯುತ್ತೆ ಅನ್ನೋದನ್ನೆಲ್ಲ ತೆಗೆದಿಡು.”

ಎಸ್.ಎಸ್.ಡಿ.ಯನ್ನು ತೆಗೆದರು, ಕಪ್ಪು. ಮುಂಭಾಗದ ತಂತಿಗಳನ್ನು ಕಿತ್ತರು, ಕಪ್ಪು. ಮೇಷ್ಟರು ಒಂದು ಹಾಳೆಯಲ್ಲಿ ಪ್ರತಿಯೊಂದರ ಮುಂದೆ ಫಲ ಬರೆಯುತ್ತ ಹೋದರು. ಒಂದು ರ‍್ಯಾಮನ್ನು ತೆಗೆದು ಇನ್ನೊಂದನ್ನು ಮಾತ್ರ ಉಳಿಸಿ ಗುಂಡಿಯೊತ್ತಿದಾಗ, ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಪರದೆಯ ಮೇಲೆ ಬೆಳ್ಳಗಿನ ಅಕ್ಷರಗಳು ಮೂಡಿದುವು. ತಪ್ಪು ಎರಡನೆಯ ರ‍್ಯಾಮಿನದು. ಅದನ್ನು ಟಾರ್ಚಿನ ಬೆಳಕಿನಲ್ಲಿ ಮತ್ತೆ ಇಟ್ಟು ನೋಡಿದರೆ ಒಂದು ತುದಿ ನೂಲೆಳೆಯಷ್ಟು ಮೇಲೆದ್ದು ನಿಲ್ಲುತ್ತಿದ್ದಿತು. ಮುರಿದೀತೆಂಬ ಭಯದಲ್ಲಿ ಹುಡುಗಿ ಅದನ್ನು ಪೂರ್ತಿ ಒತ್ತಿರಲೇ ಇಲ್ಲ.

“ಒತ್ತು” ಎಂದರು ಮೇಷ್ಟರು.

“ಮುರಿದರೆ ಅಪ್ಪ?”

“ಮುರಿದರೆ ಮುರೀಲಿ. ಒತ್ತಮ್ಮ.”

ಅವಳು ಎರಡು ಹೆಬ್ಬೆರಳಿಟ್ಟು ಒತ್ತಿದಳು. ಟಕ್ ಎಂದು ಸದ್ದಾಯಿತು. ಆ ಸದ್ದು ಒಳಕೋಣೆಯಲ್ಲಿ ಮಲಗಿದ್ದ ಮನೆಯಾಕೆಗೂ ಕೇಳಿಸಿತಂತೆ. ಅಂದರೆ ಅವರೂ ಮಲಗಿರಲಿಲ್ಲ.

ಗ್ರಂಥಾಲಯದ ನಕ್ಷೆಗಳು ಸಬ್‌ಮಿಷನ್ನಿನ ದಿನಕ್ಕೆ ಮುಗಿದುವು. ಸೊಸೈಟಿಯಿಂದ ಬಳೆಗಳನ್ನು ಬಿಡಿಸಿಕೊಂಡು ಬಂದದ್ದು 2023ರ ಯುಗಾದಿಯ ಹಿಂದಿನ ದಿನ. ಐದು ವರ್ಷದ ಓದು 2025ರಲ್ಲಿ ಮುಗಿದು ಹುಡುಗಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು. ಯಂತ್ರ ತುಮಕೂರಿನಲ್ಲಿಯೇ, ನಿವೃತ್ತರಾದ ಮೇಷ್ಟರ ಪಾಲಿಗೆ ಉಳಿಯಿತು. ಅದೇ ವರ್ಷ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಪೋಷಣೆ ಸಾಮಾನ್ಯವಾಗಿ ನಿಂತಾಗ, ಬೀದಿಯಲ್ಲಿ ಹಲವರ ಹಳೆಯ ಪೆಟ್ಟಿಗೆಗಳ ಪ್ರಶ್ನೆ ಎದ್ದಿತು. ನೆರೆಮನೆಯವರು ಫೋನಿನಲ್ಲಿ ಒಂದು ಜಾಹೀರಾತು ತಂದು ತೋರಿಸಿದರು. ಐ7 ಅಂತೆ, ಬಣ್ಣದ ದೀಪಗಳಂತೆ.

“ನಿಮ್ಮ ಹಾಗೆ ಜೋಡಿಸಿಬಿಡಲೆ ಮೇಷ್ಟ್ರೆ?” ಎಂದು ಅವರು ಕೇಳಿದರು.

ಆ ಹೊತ್ತಿಗೆ ಮತ್ತೊಂದು ಕ್ಷಾಮ ಆರಂಭವಾಗಿದ್ದಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಗಣಕಾಗಾರಗಳಿಗೆಂದು ಕಾರ್ಖಾನೆಗಳು ಮೆಮರಿ ಚಿಪ್ಪುಗಳನ್ನು ತಿರುಗಿಸಿದ್ದರಿಂದ, 2025ರ ಕೊನೆಗೆ ಬಿಡಿ ರ‍್ಯಾಮಿನ ಬೆಲೆ ಇಮ್ಮಡಿಗೂ ಮೀರಿ ಏರಿದ್ದಿತು. ಮೊದಲೇ ದಾಸ್ತಾನು ಮಾಡಿಕೊಂಡಿದ್ದ ಕಂಪೆನಿಗಳ ಸಿದ್ಧ ಯಂತ್ರಗಳೇ ಕೆಲವು ಕಡೆ ಅಗ್ಗವಾಗಿದ್ದುವು. ಅಕ್ಕನ ಮಗನಿಂದ ಇದನ್ನೆಲ್ಲ ಕೇಳಿ ತಿಳಿದಿದ್ದ ಮೇಷ್ಟರು ಜೋಡಿಸಿ ಎಂದು ಹೇಳಲಿಲ್ಲ. “ಒಳ್ಳೆಯ ಕಂಪೆನಿಯದಾದರೆ ರೆಡಿಮೇಡೇ ತಗೊಳ್ಳಿ. ಆದರೆ ಇದಲ್ಲ. ಐ7 ಯಾವ ತಲೆಮಾರು ಅಂತ ಬರೆದುಕೊಡ್ತಾನಾ ಕೇಳಿ. ಎಸ್.ಎಂ.ಪಿ.ಎಸ್. ಯಾರದು ಕೇಳಿ. ಮುಚ್ಚಳ ತೆಗೆದು ಫೋಟೋ ಕಳಿಸು ಅನ್ನಿ.”

“ಅಷ್ಟೆಲ್ಲ ಕೇಳಿದರೆ ಕೊಡ್ತಾನೆಯೆ?”

“ಅದನ್ನೇ ನೋಡಬೇಕಾದದ್ದು.”

ನೆರೆಯವರು ಏನನ್ನು ಕೊಂಡರೋ, ಮೇಷ್ಟರು ವಿಚಾರಿಸಲು ಹೋಗಲಿಲ್ಲ. ಅವರಿಗೆ ಬೇರೆ ಕೆಲಸವಿದೆ. ತಿಂಗಳ ಮೊದಲ ಭಾನುವಾರ ಊಟವಾದ ಮೇಲೆ ಅವರು ಕಪ್ಪು ಕ್ಯಾಬಿನೆಟ್ಟಿನ ಎರಡು ತಿರುಪುಗಳನ್ನು ಕೈಯಿಂದಲೇ ಬಿಚ್ಚಿ, ಪಕ್ಕದ ತಗಡನ್ನು ಗೋಡೆಗೊರಗಿಸಿ, ಬಣ್ಣ ಬಳಿಯುವ ಸಣ್ಣ ಕುಂಚದಿಂದ ಫ್ಯಾನಿನ ರೆಕ್ಕೆಗಳ ಧೂಳನ್ನು ಒಂದೊಂದಾಗಿ ಒರೆಸುತ್ತಾರೆ. ನೆರೆಮನೆಯ ಹುಡುಗರು ಸುತ್ತ ಕುಳಿತಿರುತ್ತಾರೆ. ಕೈ ಹಾಕಬೇಡಿ ಎಂದು ಅವರು ಯಾರನ್ನೂ ಗದರಿಸಿದ್ದಿಲ್ಲ. ಹಳೆಯ ಪೆಟ್ಟಿಗೆಯ ಬಣ್ಣದ ಫ್ಯಾನುಗಳನ್ನು ಮಗಳು 12 ವೋಲ್ಟಿನ ಅಡಾಪ್ಟರಿಗೆ ಜೋಡಿಸಿಟ್ಟು ಹೋಗಿದ್ದಾಳೆ. ಗಣಪತಿ ಹಬ್ಬದಲ್ಲಿ ಅವು ಮಂಟಪದ ಹಿಂದೆ ಮೂರು ದಿನ ತಿರುಗುತ್ತವೆ.